ಶಾಲೆಯ ಗೇಟಿನ ಮುಂದೆ ವಾಹನ ನಿಲ್ಲದಂತೆ ಮಾಡಿಸುವುದು ಹೇಗೆ

ವಿಜಯಪುರದ ಶಾಲೆಯೊಂದರ ಎದುರು ನನ್ನದು ನೋಟ್‌ಬುಕ್ ಅಂಗಡಿ. ಗೇಟಿಗೆ ತಾಗಿ ಟಂಟಂ ಆಟೊ, ಕಾರು ಸಾಲುಗಟ್ಟಿದರೆ ಏನಾಗುತ್ತದೆಂದು ನಿತ್ಯ ಕಾಣುತ್ತೇನೆ.

ದೂರು ಕೊಡುವ ಮೊದಲು ಫೋಟೊ ತೆಗೆಯಿರಿ, ಆದರೆ ನಿಂತು ತೆಗೆಯಬೇಡಿ. ಕುಕ್ಕರಗಾಲಿನಲ್ಲಿ ಕುಳಿತು ಮೊಬೈಲನ್ನು ಎರಡನೆಯ ತರಗತಿಯ ಮಗುವಿನ ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ನಮಗೆ ಕಾರಿನ ಮೇಲಿಂದ ರಸ್ತೆ ಕಾಣುತ್ತದೆ. ಮಗುವಿಗೆ ಕಾಣುವುದು ಬಾಗಿಲ ಹಿಡಿಕೆ. ಬರುತ್ತಿರುವ ಬೈಕನ್ನು ನೋಡಲು ಅದು ಬಂಪರ್ ದಾಟಿ ರಸ್ತೆಗೆ ತಲೆ ಹಾಕಲೇಬೇಕು. ಬೈಕಿನವನಿಗೂ ಮಗು ಕಾಣುವುದು ಆಗಲೇ. ಈ ಒಂದು ಚಿತ್ರ ನಾಲ್ಕು ಪುಟದ ಅರ್ಜಿಗಿಂತ ಮೇಲು.

ಅರ್ಜಿ ಒಂದೇ ಪುಟವಿರಲಿ. ಶಾಲೆಯ ಪ್ರವೇಶದ್ವಾರದ ಬಳಿ, ಪಾದಚಾರಿ ಮಾರ್ಗದ ಮೇಲೆ ವಾಹನ ನಿಲ್ಲಿಸಬಾರದೆಂದು 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಹೇಳುತ್ತದೆ. ಅಪಾಯವಾಗುವಂತೆ ವಾಹನ ಬಿಟ್ಟುಹೋಗುವುದನ್ನು ಮೋಟಾರು ವಾಹನ ಕಾಯ್ದೆಯ 122ನೆಯ ಸೆಕ್ಷನ್ ತಡೆಯುತ್ತದೆ. ಎರಡನ್ನೂ ನಮೂದಿಸಿ. ಒಂದು ಪ್ರತಿ ಸಂಚಾರ ಪೊಲೀಸರಿಗೆ, ಇನ್ನೊಂದು ಮಹಾನಗರ ಪಾಲಿಕೆಗೆ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಬರಬೇಡಿ.

ಇಡೀ ದಿನದ ನಿಷೇಧ ಕೇಳಿದರೆ ನಮ್ಮಂಥ ಅಂಗಡಿಯವರೇ ಅಡ್ಡ ಬರುತ್ತೇವೆ. ಶಾಲೆ ಸೇರುವ, ಬಿಡುವ ಹೊತ್ತಿಗೆ ಮಾತ್ರ ಕೇಳಿ. ಟಂಟಂ ಚಾಲಕರಿಗೆ ಬೇರೆ ಜಾಗವನ್ನೂ ಅರ್ಜಿಯಲ್ಲೇ ತೋರಿಸಿ. ಇಲ್ಲವಾದರೆ ಮುಂದಿನ ತಿರುವಿನಲ್ಲಿ ನಿಲ್ಲುತ್ತಾರೆ, ಅದು ಇನ್ನೂ ಕೆಟ್ಟದ್ದು.

ನಿಜ ಹೇಳಬೇಕೆಂದರೆ, ಹೆಚ್ಚು ಕಾಟ ಮಕ್ಕಳನ್ನು ಬಿಡಲು ಬರುವ ಪಾಲಕರದ್ದೇ. ನಿಲುಗಡೆ ನಿಷೇಧದ ಫಲಕ ಬರುವವರೆಗೆ ಗೇಟಿನಿಂದ ದೂರದಲ್ಲಿ ನಿಲ್ಲಿಸಿ, ಎಡಬದಿಯ ಬಾಗಿಲಿನಿಂದಲೇ ಮಕ್ಕಳನ್ನು ಇಳಿಸುವಂತೆ ಪಾಲಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರಿಂದ ಹೇಳಿಸಿ.