ಕಾಡುಬೆಕ್ಕಿನ ಹಿಕ್ಕೆಯಲ್ಲಿ ಶ್ವಾಸಕೋಶದ ಹುಳು ಹುಡುಕುವ ಬಗೆ

ಬೆಕ್ಕಿನ ಜಾತಿಯ ಪ್ರಾಣಿಗಳಲ್ಲಿ ಹೆಚ್ಚಾಗಿ ಕಾಣುವ ಶ್ವಾಸಕೋಶದ ಹುಳು ಈಲ್ಯುರೊಸ್ಟ್ರಾಂಜೈಲಸ್ ಅಬ್‌ಸ್ಟ್ರೂಸಸ್. ಇದರ ಮರಿಹುಳು ಕೆಮ್ಮಿನ ಜೊತೆ ಗಂಟಲಿಗೆ ಬಂದು ಹೊಟ್ಟೆಗಿಳಿದು ಹಿಕ್ಕೆಯಲ್ಲಿ ಹೊರಬೀಳುತ್ತದೆ. ಆಮೇಲೆ ಬಸವನಹುಳುವಿನೊಳಗೆ ಬೆಳೆದು, ಅದನ್ನು ತಿಂದ ಇಲಿ, ಕಪ್ಪೆ, ಹಕ್ಕಿಗಳ ಮೂಲಕ ಮತ್ತೆ ಬೆಕ್ಕಿಗೆ ಸೇರುತ್ತದೆ. ಮಂಡ್ಯದ ಕಬ್ಬಿನ ಗದ್ದೆ, ನಾಲೆ ಏರಿಗಳಲ್ಲಿ ಇವೆಲ್ಲ ಒಂದೇ ಕಡೆ ಸಿಗುತ್ತವೆ.

ಬೆಕ್ಕನ್ನು ಹಿಡಿಯುವ ಗೋಜು ಬೇಡ, ಹಿಕ್ಕೆ ಸಾಕು. ಕಾಡಿನೊಳಗಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ. ಬೆಳಿಗ್ಗೆ ಬಿಸಿಲೇರುವ ಮೊದಲು ಬದುಗಳ ಮೇಲೆ ನೋಡಿ. ಹಣ್ಣಿನ ಬೀಜ ತುಂಬಿದ್ದರೆ ಅದು ಪುನುಗಿನದಿರಬಹುದು. ಇಲಿಯ ಕೂದಲು, ಎಲುಬಿನ ಚೂರು ಇದ್ದರೆ ಬೆಕ್ಕಿನದಾಗಿರುವ ಸಂಭವ ಹೆಚ್ಚು. ಊರಬೆಕ್ಕಿನದೋ ಕಾಡುಬೆಕ್ಕಿನದೋ ಎಂದು ಕಣ್ಣಳತೆಯಲ್ಲಿ ಹೇಳಲಾಗದು, ಅದಕ್ಕೆ ಡಿಎನ್‌ಎ ಪರೀಕ್ಷೆಯೇ ಬೇಕು. ಗ್ಲೌಸ್ ಹಾಕಿಕೊಂಡು, ಮಣ್ಣು ತಾಗದ ಮೇಲ್ಭಾಗವನ್ನಷ್ಟೇ 10 ಗ್ರಾಂ ತೆಗೆದುಕೊಳ್ಳಿ. ಫಾರ್ಮಲಿನ್‌ಗೆ ಹಾಕಿದರೆ ಕೆಲಸ ಕೆಟ್ಟಿತು: ಈ ಪರೀಕ್ಷೆಗೆ ಹುಳು ಬದುಕಿರಲೇಬೇಕು. ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಲ್ಲ.

ಆಲಿಕೆಯ ಕೆಳಗಿನ ಸಣ್ಣ ತುದಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ಕೊಳವೆಯ ತುದಿಗೆ ಕ್ಲಿಪ್ ಹಾಕಿ, ಉಗುರುಬೆಚ್ಚಗಿನ ನೀರು ತುಂಬಿ. ಕೊಳವೆಯನ್ನು ಬೆರಳಿನಿಂದ ಒತ್ತಿ ಒತ್ತಿ ಗಾಳಿಗುಳ್ಳೆ ಹೊರಡಿಸಿ. ಒಂದು ಗುಳ್ಳೆ ಉಳಿದರೂ ಹುಳು ಅದರ ಮೇಲೆಯೇ ನಿಂತುಬಿಡುತ್ತದೆ. ಹಿಕ್ಕೆಯನ್ನು ಎರಡು ಪದರ ಗಾಜ್ ಬಟ್ಟೆಯಲ್ಲಿ ಗಂಟುಕಟ್ಟಿ, ನೀರಿನಲ್ಲಿ ಮುಳುಗುವಂತೆ ಇಳಿಬಿಡಿ. ಬಿಸಿನೀರು ಬೇಡ, ಹುಳು ಸಾಯುತ್ತದೆ. ಹುಳು ಬಟ್ಟೆ ದಾಟಿ ನೀರಿಗೆ ಬರುತ್ತದೆ, ಮೇಲಕ್ಕೆ ಈಜಲಾರದೆ ತಳಕ್ಕೆ ಇಳಿಯುತ್ತದೆ. ರಾತ್ರಿಯಿಡೀ ಅಲುಗಾಡಿಸದೆ ಬಿಟ್ಟು, ಬೆಳಿಗ್ಗೆ ಕ್ಲಿಪ್ ಸಡಿಲಿಸಿ ಮೊದಲ 10 ಮಿಲಿಲೀಟರ್ ಮಾತ್ರ ಹಿಡಿಯಿರಿ. ಅರ್ಧ ಗಂಟೆ ತಂಗಲು ಬಿಟ್ಟು, ತಳದ ಹನಿಯನ್ನು ಸ್ಲೈಡಿಗೆ ಹಾಕಿ. ಉಪ್ಪುನೀರಿನಲ್ಲಿ ತೇಲಿಸುವ ವಿಧಾನ ಇಲ್ಲಿ ನಡೆಯದು, ಮರಿಹುಳು ಮುದುಡಿ ಗುರುತು ಸಿಗದಂತಾಗುತ್ತದೆ.

ಸ್ಲೈಡನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಮೊದಲು ಕಡಿಮೆ ಹಿಗ್ಗಳತೆಯಲ್ಲಿ ಹೊರಳಾಡುವ ಹುಳುವನ್ನು ಹುಡುಕಿ. ಸಿಕ್ಕಿತೆಂದರೆ ಅಯೋಡಿನ್ ಒಂದು ಹನಿ, ಹುಳು ತಟಸ್ಥ. ಈಗ ಬಾಲ ನೋಡಿ. ಸುಮಾರು 0.4 ಮಿಲಿಮೀಟರ್ ಉದ್ದದ ಹುಳುವಿನ ಬಾಲದ ತುದಿ ಇಂಗ್ಲಿಷ್ ಎಸ್ ಅಕ್ಷರದಂತೆ ಕೊಂಕಿ, ಬೆನ್ನ ಕಡೆ ಚಿಕ್ಕ ಮುಳ್ಳು ಇದ್ದರೆ ಅದೇ. ನೆಟ್ಟಗಿನ ಚೂಪು ಬಾಲ, ಗಂಟಲಲ್ಲಿ ಗುಂಡಗಿನ ಉಬ್ಬು ಕಂಡರೆ ಮಣ್ಣಿನ ಹುಳು. ಹಳೆಯ ಹಿಕ್ಕೆ ತಂದವರು ಹೆಚ್ಚಾಗಿ ಮೋಸಹೋಗುವುದು ಇಲ್ಲೇ.

ಒಂದು ಸಲ ಸಿಗಲಿಲ್ಲವೆಂದು ರೋಗವಿಲ್ಲ ಎನ್ನಬೇಡಿ. ಮರಿಹುಳು ದಿನವೂ ಒಂದೇ ಸಮ ಬೀಳುವುದಿಲ್ಲ. ಸೋಂಕು ತಗುಲಿದ ಮೊದಲ ಕೆಲವು ವಾರ ಬೀಳುವುದೇ ಇಲ್ಲ. ಅದೇ ಜಾಗದಿಂದ ಬೇರೆ ಬೇರೆ ದಿನ ಮೂರು ಹಿಕ್ಕೆಯಾದರೂ ನೋಡಿ.