ಸ್ಟಾಫ್ ನೊಟೇಶನ್ ಓದೋದು ಹೇಗೆ: ನೋಟ್ ಯಾವ್ದು, ಎಷ್ಟ್ ಹೊತ್ತು

ಸ್ಟಾಫ್ ನೊಟೇಶನ್, ಅಂದ್ರೆ ಪಾಶ್ಚಾತ್ಯ ಸಂಗೀತವನ್ನ ಗೆರೆಗಳ ಮೇಲೆ ಬರೆಯೋ ಪದ್ಧತಿ, ಕಲಿಯಕ್ಕೆ ಶುರು ಮಾಡಿದೋರು ತುಂಬಾ ಜನ ಒಂದೇ ಕಡೆ ಎಡವ್ತಾರೆ, ಒಂದು ನೋಟ್ (ಸ್ವರದ ಗುರುತು) ಕಂಡ ತಕ್ಷಣ ಅದರ ಹೆಸರು, ಅದನ್ನ ಎಷ್ಟ್ ಹೊತ್ತು ಹಿಡೀಬೇಕು ಅನ್ನೋದು ಎರಡನ್ನೂ ಒಟ್ಟಿಗೇ ಹೇಳಕ್ಕೆ ಹೋಗ್ತಾರೆ. ಹಾಗ್ ಮಾಡ್ಬೇಡಿ. ನೋಟ್ ಕೂತಿರೋ ಜಾಗ ಹೆಸರು ಹೇಳುತ್ತೆ, ಅದರ ಆಕಾರ ಕಾಲ ಹೇಳುತ್ತೆ, ಮೊದಮೊದಲು ಎರಡನ್ನೂ ಬೇರೆ ಬೇರೆಯಾಗೇ ಓದಿ.

ಮೊದ್ಲು ಹೆಸರು. ಸ್ಟಾಫ್ ಅಂದ್ರೆ 5 ಗೆರೆ, ಮಧ್ಯೆ 4 ಸಂದು. ಹೆಸರು ಇರೋದು ಏಳೇ, ಎ ಇಂದ ಜಿ ವರೆಗೆ, ಆಮೇಲೆ ಮತ್ತೆ ಎ. ಗೆರೆ, ಸಂದು, ಗೆರೆ ಅಂತ ಒಂದೊಂದೇ ಮೆಟ್ಟಿಲು ಹತ್ತಿದ ಹಾಗೆ ಹೋಗ್ತೀವಿ. ಎಲ್ಲಿಂದ ಎಣಿಸ್ಬೇಕು ಅಂತ ಸ್ಟಾಫ್ ಶುರುವಲ್ಲಿ ಇರೋ ಕ್ಲೆಫ್ ಅನ್ನೋ ಗುರುತು ತೋರಿಸುತ್ತೆ: ಟ್ರೆಬಲ್ ಕ್ಲೆಫ್‌ನ ಸುರುಳಿ ಕೆಳಗಿನಿಂದ ಎರಡನೇ ಗೆರೆಯನ್ನ ಸುತ್ತಿಕೊಂಡಿರುತ್ತಲ್ಲ, ಅದೇ ಜಿ. ಅದರ ಮೇಲಿನ ಸಂದು ಎ, ಮುಂದಿನ ಗೆರೆ ಬಿ. ಬೇಸ್ ಕ್ಲೆಫ್‌ನಲ್ಲಿ ಎರಡು ಚುಕ್ಕೆಗಳ ನಡುವೆ ಹೋಗೋ ಗೆರೆ ಎಫ್. ಮಿಡಲ್ ಸಿ (ಪಿಯಾನೋ ಮಧ್ಯದಲ್ಲಿರೋ ಸಿ) ಟ್ರೆಬಲ್‌ನಲ್ಲಿ ಸ್ಟಾಫ್ ಕೆಳಗೆ ಒಂದು ಚಿಕ್ಕ ಗೆರೆ ಮೇಲೆ ಬರುತ್ತೆ, ಬೇಸ್‌ನಲ್ಲಿ ಅದೇ ಸಿ ಸ್ಟಾಫ್ ಮೇಲುಗಡೆ. ಇಷ್ಟು ಗುರುತು ಗಟ್ಟಿಯಾದ್ರೆ ಉಳಿದಿದ್ದನ್ನ ಎಣಿಸ್ಕೊಂಡು ಹೋಗ್ಬೋದು, ಎಲ್ಲಾ ಗೆರೆಗಳ ಹೆಸರನ್ನ ಬಾಯಿಪಾಠ ಮಾಡೋದಕ್ಕಿಂತ ಇದೇ ವಾಸಿ ಅಂತ ನನ್ ಅಭಿಪ್ರಾಯ.

ಈಗ ಕಾಲ. ಖಾಲಿ ತಲೆ, ಕಡ್ಡಿ ಇಲ್ಲ ಅಂದ್ರೆ ಹೋಲ್ ನೋಟ್. ಅದಕ್ಕೆ ಕಡ್ಡಿ ಬಂದ್ರೆ ಹಾಫ್, ತಲೆ ಕಪ್ಪಾದ್ರೆ ಕ್ವಾರ್ಟರ್, ಕಡ್ಡಿಗೆ ಒಂದು ಬಾಲ ಬಂದ್ರೆ ಏಯ್ತ್, ಎರಡು ಬಾಲ ಬಂದ್ರೆ ಸಿಕ್ಸ್‌ಟೀನ್ತ್, ಪ್ರತಿ ಸಲ ಅರ್ಧ ಅರ್ಧ ಆಗ್ತಾ ಹೋಗುತ್ತೆ. ಕಡ್ಡಿ ಮೇಲಕ್ಕಿದ್ರೂ ಕೆಳಕ್ಕಿದ್ರೂ ಕಾಲ ಬದಲಾಗಲ್ಲ. ಸುಮ್ನಿರೋದಕ್ಕೂ ಇದೇ ಲೆಕ್ಕ, ಪ್ರತಿಯೊಂದಕ್ಕೂ ಅದರದ್ದೇ ರೆಸ್ಟ್ ಗುರುತು ಇದೆ.

ಹೋಲ್ ನೋಟ್ ಅಂದ್ರೆ ಯಾವಾಗ್ಲೂ 4 ಬೀಟ್ (ತಾಳದ ಎಣಿಕೆ) ಅಂತ ಹೇಳ್ಕೊಡ್ತಾರೆ, ಅದು ಪೂರ್ತಿ ಸರಿ ಅಲ್ಲ. ಟೈಮ್ ಸಿಗ್ನೇಚರ್‌ನಲ್ಲಿ (ಶುರುವಲ್ಲಿ ಒಂದರ ಮೇಲೊಂದು ಬರೆದಿರೋ ಎರಡು ಅಂಕಿ) ಕೆಳಗಿನ ಅಂಕಿ 4 ಇದ್ದಾಗ ಕ್ವಾರ್ಟರ್‌ಗೆ ಒಂದು ಬೀಟ್, ಆಗ ಮಾತ್ರ ಹೋಲ್‌ಗೆ 4. ಕೆಳಗೆ 2 ಇದ್ರೆ ಹಾಫ್‌ಗೇ ಒಂದು ಬೀಟ್, ಹೋಲ್‌ಗೆ ಬರೀ 2.

ಪಕ್ಕದಲ್ಲಿ ಒಂದು ಡಾಟ್ ಇದ್ರೆ ನೋಟ್‌ಗೆ ಅದರದೇ ಅರ್ಧ ಸೇರುತ್ತೆ. ಜನ ಜಾಸ್ತಿ ತಪ್ಪು ಮಾಡೋದು ಇಲ್ಲೇ, ಅದಕ್ಕೆ ಒಂದು ಬಾರ್ (ಸ್ಟಾಫ್ ಮೇಲೆ ಎರಡು ನೆಟ್ಟಗಿನ ಗೆರೆಗಳ ನಡುವಿನ ಭಾಗ) ಎಣಿಸಿ ನೋಡೋಣ. 4/4ನಲ್ಲಿ, ಅಂದ್ರೆ ಒಂದು ಬಾರ್ ಒಳಗೆ 4 ಕ್ವಾರ್ಟರ್ ಬೀಟ್ ಇದ್ದಾಗ, ಡಾಟ್ ಇರೋ ಕ್ವಾರ್ಟರ್ ಜಿ, ಆಮೇಲೆ ಏಯ್ತ್ ಎ, ಆಮೇಲೆ ಹಾಫ್ ಬಿ. ಒಂದೂವರೆ, ಅರ್ಧ, ಎರಡು, ಒಟ್ಟು ನಾಲ್ಕು, ಬಾರ್ ತುಂಬ್ತು. ಹೆಸರು ಮರೆತುಬಿಟ್ಟು "ಒನ್ ಆಂಡ್ ಟೂ ಆಂಡ್ ತ್ರೀ ಆಂಡ್ ಫೋರ್ ಆಂಡ್" ಅಂತ ನಿಧಾನಕ್ಕೆ ಎಣಿಸ್ತಾ ಚಪ್ಪಾಳೆ ಹಾಕಿ: ಮೊದಲ್ನೇದು ಒನ್ ಮೇಲೆ, ಎರಡನೇದು ಟೂ ಆದ್ಮೇಲಿನ ಆಂಡ್ ಮೇಲೆ, ಮೂರನೇದು ತ್ರೀ ಮೇಲೆ. ಟೂ ಅನ್ನೋ ಹೊತ್ತಲ್ಲಿ ಕೈ ತಾನಾಗೇ ಹೊಡಿಯಕ್ಕೆ ಹೋಗುತ್ತೆ, ಅಲ್ಲಿ ತಡ್ಕೊಳ್ಳಿ, ಜಿ ಇನ್ನೂ ನಡೀತಾ ಇದೆ. ಚಪ್ಪಾಳೆ ಸರಿ ಬಂದ್ಮೇಲೆ ಅದೇ ಲಯದಲ್ಲಿ ಜಿ, ಎ, ಬಿ ಅಂತ ಬಾಯಲ್ಲಿ ಹೇಳಿ, ಆಮೇಲೆ ವಾದ್ಯ ಕೈಗೆ ತಗೊಳ್ಳಿ.