ಇಲ್ಲದ ವ್ಯಾನಿಗೆ ಪೂಜೆಯ ಕರೆಯೋಲೆ

"ಇನ್ನೂ ಕೊಂಡೇ ಇಲ್ಲದ ವ್ಯಾನಿಗೆ ಪೂಜೆ ಕರೆಯೋಲೆನಾ? ಜನ ನಗ್ತಾರೆ ಕಣಮ್ಮ."

ನಮ್ಮ ಟ್ರಸ್ಟಿನ ಕಾರ್ಯದರ್ಶಿ ಮೇಷ್ಟ್ರು ಹೀಗಂದಿದ್ದು ಹೋದ ವರ್ಷದ ಶ್ರಾವಣದಲ್ಲಿ. ಪ್ರೆಸ್ಸಿನವರೂ ನಕ್ಕರು. ನನ್ನ ಜೊತೆ ಡಿಟಿಪಿ ಕಲಿತ ಗೆಳತಿಯಂತೂ "ರೀಲ್ಸ್ ಬಿಟ್ಟು ಕಾರ್ಡ್ ಹಂಚ್ತೀಯಾ, ಯಾವ ಕಾಲದಲ್ಲಿದೀಯೇ?" ಅಂದಳು. ಈಗ ಆ ವ್ಯಾನು ಡಯಾಲಿಸಿಸ್ ರೋಗಿಗಳನ್ನು ಕೂರಿಸಿಕೊಂಡು ವಾರಕ್ಕೆ ಆರು ದಿನ ಓಡುತ್ತಿದೆ. ಹಾಗಾಗಿ ಇದನ್ನು ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ತುಮಕೂರಿನಲ್ಲಿ ನಾನು ಡಿಸೈನ್ ಕೆಲಸ ಮಾಡುತ್ತಾ ಹದಿನಾಲ್ಕು ವರ್ಷ ಆಯಿತು. ಮೊದಲು ಅಶೋಕ ರಸ್ತೆಯ ಒಂದು ಅಂಗಡಿಯಲ್ಲಿ ಸಂಬಳಕ್ಕೆ, ಆಮೇಲೆ ಮನೆಯ ಮಹಡಿ ರೂಮಿನಲ್ಲಿ ಸ್ವಂತಕ್ಕೆ. ಲಗ್ನಪತ್ರಿಕೆ, ಗೃಹಪ್ರವೇಶ, ಬೇಕರಿ ಬಾಕ್ಸ್, ಶಾಲೆಗಳ ಬ್ರೋಷರ್, ವೈಕುಂಠ ಸಮಾರಾಧನೆ ಕಾರ್ಡು. ಮನೆ ನಡೆಯುವುದು ಇವುಗಳಿಂದಲೇ. ಟ್ರಸ್ಟಿನ ಕೆಲಸ ಶುರುವಾಗಿದ್ದು ಮೇಷ್ಟ್ರಿಂದ. ಹೈಸ್ಕೂಲಿನಲ್ಲಿ ನನಗೆ ಗಣಿತ ಹೇಳಿಕೊಟ್ಟವರು. ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಬೇಕಾಗಿದ್ದು ಒಂದು ವ್ಯಾನು. ಗುಬ್ಬಿ, ಚೇಳೂರು ಕಡೆಯ ಹಳ್ಳಿಗಳಿಂದ ತುಮಕೂರಿಗೆ ಡಯಾಲಿಸಿಸ್‌ಗೆ ಬರುವವರನ್ನು ಕರೆತಂದು ವಾಪಸ್ ಬಿಡಲು. 2016ರಲ್ಲಿ ಕೇಂದ್ರದ ಡಯಾಲಿಸಿಸ್ ಯೋಜನೆ ಬಂದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಬಡವರಿಗೆ ಆ ಖರ್ಚು ತಪ್ಪಿದೆ ನಿಜ. ಬಸ್ಸಿನ ಖರ್ಚು ತಪ್ಪಿಲ್ಲ. ವಾರಕ್ಕೆ ಎರಡು ಮೂರು ಸಲ ಬರಬೇಕು, ಒಂದೊಂದು ಸಲಕ್ಕೂ ನಾಲ್ಕು ಗಂಟೆ ಮಲಗಬೇಕು, ಜೊತೆಗೆ ಇನ್ನೊಬ್ಬರು ಕೂಲಿ ಬಿಟ್ಟು ಬರಬೇಕು. ಮುಗಿಸಿಕೊಂಡು ಹೊರಟಾಗ ಸುಸ್ತು. ನಿಂತುಕೊಂಡು ಬಸ್ಸಿನಲ್ಲಿ ಹೋಗುವ ಸ್ಥಿತಿ ಇರುವುದಿಲ್ಲ. ಸೆಕೆಂಡ್ ಹ್ಯಾಂಡ್ ಮಾರುತಿ ಈಕೋ ಒಂದಕ್ಕೆ ಮೂರು ಲಕ್ಷದ ಹತ್ತಿರ ಆಗುತ್ತಿತ್ತು. ಟ್ರಸ್ಟಿನ ಖಾತೆಯಲ್ಲಿ ಆಗ ಇದ್ದದ್ದು ಇಪ್ಪತ್ತೆರಡು ಸಾವಿರವೋ ಏನೋ.

ಮೊದಲು ನಾನೂ ಎಲ್ಲರ ಹಾಗೇ ಮಾಡಿದೆ. ಆರಡಿ ನಾಲ್ಕಡಿಯ ಫ್ಲೆಕ್ಸ್ ನಾಲ್ಕು. ಚದರಡಿಗೆ ಹದಿನಾಲ್ಕು ರೂಪಾಯಿ, ಮರದ ಫ್ರೇಮು, ಕಟ್ಟುವವನ ಕೂಲಿ, ಎಲ್ಲ ಸೇರಿ 2,600 ಹತ್ತಿರ. ಬಿ.ಎಚ್. ರಸ್ತೆಯಲ್ಲಿ ಕಟ್ಟಿಸಿದ್ದು ಎರಡನೇ ದಿನಕ್ಕೆ ಇರಲಿಲ್ಲ. ತಪ್ಪು ನನ್ನದೇ. ರಾಜ್ಯದಲ್ಲಿ ಫ್ಲೆಕ್ಸ್‌ಗೆ 2016ರಿಂದಲೇ ನಿಷೇಧ ಇದೆ, ನಾನೇ ಗಿರಾಕಿಗಳಿಗೆ ಹೇಳುತ್ತಿರುತ್ತೇನೆ. ಒಳ್ಳೆ ಕೆಲಸ ಅಲ್ವಾ, ಯಾರು ಕೇಳ್ತಾರೆ ಅಂದುಕೊಂಡಿದ್ದೆ. ಆಮೇಲೆ ಪೇಪರಿನೊಳಗೆ ಹಾಕಿಸುವ ಕರಪತ್ರ, ಐದು ಸಾವಿರ. ಹಾಕುವ ಹುಡುಗರಿಗೆ ಕೊಟ್ಟಿದ್ದೂ ಸೇರಿ 4,200 ಖರ್ಚು. ಬಂದದ್ದು 1,900. ಅದರಲ್ಲಿ ಐನೂರು ನಮ್ಮ ಚಿಕ್ಕಪ್ಪನದು.

ಮೂರನೆಯದನ್ನು ನೆನೆಸಿಕೊಂಡರೆ ಈಗಲೂ ಒಂಥರಾ ಆಗುತ್ತದೆ. ವಾಟ್ಸ್ಯಾಪ್ ಪೋಸ್ಟರು. ಒಬ್ಬ ಯಜಮಾನರ ಫೋಟೋ, ಬಸ್ ಸ್ಟಾಂಡಿನ ಕಲ್ಲು ಬೆಂಚಿನ ಮೇಲೆ ಗೋಡೆಗೆ ಒರಗಿ ಕೂತದ್ದು, ತೋಳಿನ ಮೇಲೆ ಬ್ಯಾಂಡೇಜು. ಅವರನ್ನು ಕೇಳಿಯೇ ತೆಗೆದಿದ್ದೆ. ಕಪ್ಪು ಬಿಳುಪು ಮಾಡಿ, ಬ್ಯಾಂಡೇಜು ಮಾತ್ರ ಬಣ್ಣದಲ್ಲಿ ಬಿಟ್ಟೆ. ಡಿಸೈನ್ ಚೆನ್ನಾಗಿತ್ತು, ದುಡ್ಡೂ ಬರತೊಡಗಿತ್ತು, ಎರಡು ದಿನಕ್ಕೆ ಎಂಟು ಸಾವಿರ. ಮೂರನೇ ದಿನ ರಾತ್ರಿ ಅವರ ಮಗನ ಫೋನು. "ಅಕ್ಕ, ತಂಗಿಗೆ ಗಂಡು ನೋಡ್ತಿದೀವಿ. ಆ ಫೋಟೋ ಅವರ ಊರಿನ ಗ್ರೂಪಿಗೂ ಹೋಗಿದೆ." ಬೈಯಲಿಲ್ಲ, ಅಷ್ಟೇ ಹೇಳಿ ಸುಮ್ಮನಾದ. ನನ್ನ ಕಡೆಯಿಂದ ಅಳಿಸಿದೆ. ಫಾರ್ವರ್ಡ್ ಆದದ್ದನ್ನು ಅಳಿಸಲು ಆಗುತ್ತದಾ? ಅವತ್ತಿನಿಂದ ರೋಗಿಯ ಮುಖ ನನ್ನ ಯಾವ ಡಿಸೈನಿನಲ್ಲೂ ಇಲ್ಲ. ದುಡ್ಡು ಕಮ್ಮಿ ಬಂದರೆ ಬರಲಿ.

ದಾರಿ ಸಿಕ್ಕಿದ್ದು ಗುಬ್ಬಿಯಲ್ಲಿ, ನಮ್ಮ ದೊಡ್ಡಮ್ಮನ ಮಗನ ಮದುವೆಯಲ್ಲಿ. ಕೈಬರಹ ಚೆನ್ನಾಗಿದೆ ಅಂತ ನನ್ನನ್ನು ಮುಯ್ಯಿ ಬರೆಯಲು ಕೂರಿಸಿದ್ದರು. ಒಬ್ಬರು ಬಂದರು, ಕೈಯಲ್ಲಿ ಇನ್ನೂರರ ನೋಟು. ನನ್ನ ಪುಸ್ತಕದ ಮೇಲೆ ಹಾಗೇ ಸ್ವಲ್ಪ ಬಗ್ಗಿದರು. ಮೇಲಿನ ಸಾಲು ಅವರ ಭಾವಮೈದುನನದು, 501. ನೋಟು ಜೇಬಿಗೆ ಹೋಯಿತು. ಬನಿಯನ್ ಜೇಬಿನಿಂದ ಐನೂರರದು ಬಂತು. ಒಂದು ರೂಪಾಯಿ ಚಿಲ್ಲರೆಯನ್ನು ಹೆಂಡತಿಯ ಹತ್ತಿರ ಈಸಿಕೊಂಡರು. "ಬರ್ಕಳವ್ವ, 501. ಹೆಸರು ಪೂರ್ತಿ ಬರಿ, ಊರೂ ಹಾಕು." ಅಲ್ಲೇ ನನಗೆ ತಲೆಗೆ ಹೋಯಿತು. ನಮ್ಮ ಕಡೆ ದಾನ ಕೊಡಿ ಅಂದರೆ ಜನ ಜೇಬು ಹಿಡಿದುಕೊಳ್ಳುತ್ತಾರೆ. ಮುಯ್ಯಿ ಅಂದರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಮುಯ್ಯಿಗೆ ಕಾರ್ಯ ಬೇಕು, ಕಾರ್ಯಕ್ಕೆ ಕರೆಯೋಲೆ ಬೇಕು. ಕರೆಯೋಲೆ ಮಾಡುವುದು ನನ್ನ ದಿನದ ಕೆಲಸ. ಕಾರ್ಯ ಯಾವುದು? ಆಯುಧಪೂಜೆಗೆ ಇನ್ನೂ ಎರಡು ತಿಂಗಳಿತ್ತು.

ಹೀಗೆ ಇಲ್ಲದ ವ್ಯಾನಿಗೆ ಪೂಜೆ ನಿಗದಿ ಆಯಿತು. ಲಗ್ನಪತ್ರಿಕೆಯ ಭಾಷೆಯನ್ನೇ ಇಟ್ಟೆ. "ನಮ್ಮ ಮನೆಗೆ ವ್ಯಾನ್ ತರುವುದೆಂದು ಗುರುಹಿರಿಯರು ನಿಶ್ಚಯಿಸಿರುವುದರಿಂದ, ತಾವು ಬಂಧುಮಿತ್ರರೊಡನೆ ಆಗಮಿಸಿ..." ಈಗೀಗ ಎಲ್ಲರೂ "ಆಶೀರ್ವಾದವೇ ಉಡುಗೊರೆ" ಅಂತ ಹಾಕಿಸುತ್ತಾರಲ್ಲ, ಆ ಜಾಗದಲ್ಲಿ "ಮುಯ್ಯಿ ಮರೆಯದೆ ತರುವುದು" ಅಂತ ಹಾಕಿದೆ. ಅದರ ಕೆಳಗೆ ಸಣ್ಣದಾಗಿ, "ವ್ಯಾನ್ ಬಾರದಿದ್ದರೆ ಮುಯ್ಯಿ ವಾಪಸ್." ಈ ಕೊನೆ ಸಾಲಿಗೆ ಮೇಷ್ಟ್ರು ಒಂದು ವಾರ ಒಪ್ಪಲಿಲ್ಲ. ಜನಕ್ಕೆ ನಂಬಿಕೆ ಹುಟ್ಟಿಸಿದ್ದು ಆ ಸಾಲೇ ಅಂತ ನನ್ನ ಲೆಕ್ಕ. ಮೇಲೆ ಯಾವ ದೇವರ ಹೆಸರು ಅಂತ ಕಮಿಟಿಯಲ್ಲಿ ಎರಡು ದಿನ ಜಗಳ. ವ್ಯಾನಿನಲ್ಲಿ ಕೂರುವವರು ಎಲ್ಲ ಜಾತಿಯವರೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಕೊನೆಗೆ ಬರೀ "ಶುಭಮಸ್ತು".

ಕಾರ್ಡಿನಲ್ಲಿ ಕೈ ಸುಟ್ಟುಕೊಂಡದ್ದೂ ಇದೆ. ಮೊದಲು ಗತ್ತಾಗಿ ಇರಲಿ ಅಂತ ಮೆರೂನ್ ಕಾರ್ಡಿನ ಮೇಲೆ ಚಿನ್ನದ ಫಾಯಿಲ್ ಒತ್ತಿಸಿದೆ, ಕ್ಯೂಆರ್ ಕೋಡೂ ಫಾಯಿಲಿನಲ್ಲೇ. ನೋಡಲು ಅರಮನೆ ಮದುವೆಯ ಪತ್ರಿಕೆ. ಸ್ಕ್ಯಾನ್ ಮಾಡಿದರೆ ಏನೂ ಇಲ್ಲ. ಗಾಢ ಬಣ್ಣದ ಮೇಲೆ ತಿಳಿ ಕೋಡು, ಮೇಲಿಂದ ಬೆಳಕಿಗೆ ಹೊಳೆಯುವ ಫಾಯಿಲು, ಫೋನು ಹೇಗೆ ಓದಬೇಕು? ಫಾಯಿಲ್ ಒತ್ತುವ ಅಚ್ಚಿಗೆ (ಬ್ಲಾಕು) ಕೊಟ್ಟ ಒಂಬೈನೂರು ಹೋಯಿತು. ಈಗ ನನ್ನ ನಿಯಮ, ಬಿಳಿಯ ಮೇಲೆ ಕಪ್ಪು, ಒಂದಿಂಚಿಗೆ ಕಮ್ಮಿ ಇಲ್ಲ, ಸುತ್ತ ಖಾಲಿ ಜಾಗ. ಇನ್ನೊಂದು ಮಾತು. ಮೊದಲ ಪೋಸ್ಟರಿನಲ್ಲಿ ಖಜಾಂಚಿಯವರ ಸ್ವಂತ ಯುಪಿಐ ಹಾಕಿದ್ದೆವು. ಸ್ಕ್ಯಾನ್ ಮಾಡಿದರೆ ಯಾರದೋ ಹೆಸರು ಬರುತ್ತದೆ, ಜನ ಅಲ್ಲೇ ನಿಲ್ಲಿಸುತ್ತಾರೆ. ಟ್ರಸ್ಟಿನ ಹೆಸರಿನ ಖಾತೆಗೆ ಬದಲಿಸಿದ ಮೇಲೆ ಫೋನ್ ಮಾಡಿ ಕೇಳುವವರು ಕಮ್ಮಿಯಾದರು.

ಎರಡನೇ ಸಲ ಸಾದಾ ಕಾರ್ಡು, ಒಂದು ಮಡಿಕೆ, ಎರಡು ಬಣ್ಣ. ಕವರ್ ಇಲ್ಲ, ಕವರ್ ಒಂದಕ್ಕೆ ಎರಡು ರೂಪಾಯಿ ದಂಡ. ಆರುನೂರು ಕಾರ್ಡಿಗೆ 5,400 ಆಯಿತು. ಫೈಲನ್ನು ಕರ್ವ್ಸ್ ಮಾಡಿಯೇ ಕಳಿಸಿದೆ, ಅಂದರೆ ಅಕ್ಷರಗಳನ್ನು ಚಿತ್ರದ ಗೆರೆಗಳಾಗಿ ಬದಲಿಸಿ. ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಕಡೆ ಅಕ್ಷರ ಕೆಡುತ್ತದೆ. ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ "ಕಾರ್ಯದರ್ಶಿ" ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಹೇಗೆ ಕಾಣಿಸುತ್ತದೆ ಅಂತ ಈ ಕೆಲಸದವರೆಲ್ಲ ನೋಡಿದವರೇ.

ಅರಿಶಿನದ ವಿಷಯಕ್ಕೆ ಬರುತ್ತೇನೆ. ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಕಾಗದವನ್ನು ನಮ್ಮ ಕಡೆ ಯಾರೂ ಕಸಕ್ಕೆ ಹಾಕುವುದಿಲ್ಲ. ಟಿವಿ ಪಕ್ಕ ಇಡುತ್ತಾರೆ, ಇಲ್ಲ ಕ್ಯಾಲೆಂಡರಿನ ಹಿಂದೆ ಸಿಕ್ಕಿಸುತ್ತಾರೆ, ಕಾರ್ಯ ಮುಗಿಯುವ ತನಕ ಅದು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಆರುನೂರು ಕಾರ್ಡಿಗೆ ಯಾರು ಹಚ್ಚುತ್ತಾ ಕೂರುತ್ತಾರೆ ಅಂತ ಮೊದಲು ಪ್ರಿಂಟಿನಲ್ಲೇ ಹಾಕಿ ನೋಡಿದೆ. ಹಳದಿ ಶಾಯಿ ನೂರು ಪರ್ಸೆಂಟ್, ಮೆಜೆಂಟಾ (ಕಡುಗುಲಾಬಿ) ಇಪ್ಪತ್ತು, ಅಂಚು ಮಸುಕು. ನಮ್ಮ ಅಮ್ಮ ಮೂಗಿನ ಹತ್ತಿರ ಹಿಡಿದು "ವಾಸನೆನೇ ಇಲ್ವಲ್ಲೇ" ಅಂದರು. ಕೈಯಲ್ಲೇ ಹಚ್ಚಿದೆವು. ಆರ್ಟ್ ಪೇಪರಿನ ಮೇಲೆ ಅರಿಶಿನ ನಿಲ್ಲುವುದಿಲ್ಲ, ಒಣಗಿದ ಮೇಲೆ ಉದುರುತ್ತದೆ. ನುಣುಪಿಲ್ಲದ ಕಾಗದವೇ ಆಗಬೇಕು. ಪಕ್ಕದ ಮನೆಯ ಹುಡುಗಿ ಎಲೆ ಅಡಿಕೆ ತಟ್ಟೆಯಲ್ಲೇ ಅರಿಶಿನ ಕಲಸಿದಳು, ಅಂಚಿನಲ್ಲಿದ್ದ ಸುಣ್ಣ ಸೇರಿ ಓಕುಳಿ ಥರ ಕೆಂಪಾಯಿತು, ನಲವತ್ತು ಕಾರ್ಡು ಹಾಳು. ಉದುರದ ಹಾಗೆ ಅರಿಶಿನಕ್ಕೆ ಏನು ಸೇರಿಸಿದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಈಗ ಮೂರು ಪ್ರೆಸ್ಸಿನವರು ಅದನ್ನು ನನ್ನಿಂದಲೇ ಮಾಡಿಸುತ್ತಿದ್ದಾರೆ. ಅರಿಶಿನ ಹಚ್ಚದ ಐವತ್ತು ಕಾರ್ಡನ್ನು ಬೇರೆಯಾಗಿಟ್ಟಿದ್ದೆ, ಆ ರೂಢಿ ಇಲ್ಲದ ಮನೆಗಳಿಗೆ.

ಕಾರ್ಡನ್ನು ಕೈಗೇ ಕೊಡಬೇಕು. ಸ್ಕೂಟರಿನಲ್ಲಿ ನಾನು, ಮೇಷ್ಟ್ರ ಸೊಸೆ, ಸಂಜೆ ಹೊತ್ತು ದಿನಕ್ಕೆ ಇಪ್ಪತ್ತೈದು ಮನೆ. ಹೋದ ಕಡೆ ದುಡ್ಡಿನ ಮಾತೇ ಆಡಬಾರದು ಅಂತ ಮೊದಲೇ ತೀರ್ಮಾನ. ಕುಂಕುಮ ಕೊಟ್ಟು, ಕಾರ್ಡು ಕೊಟ್ಟು, "ತಪ್ಪದೇ ಬರಬೇಕು" ಅಂದು ಎದ್ದುಬಿಡುವುದು. ಮುಯ್ಯಿ ಪುಸ್ತಕ ನಾಲ್ಕು ಕಡೆ ಇಟ್ಟೆವು, ಒಂದು ಮೆಡಿಕಲ್ ಸ್ಟೋರು, ಒಂದು ಹಾರ್ಡ್‌ವೇರ್ ಅಂಗಡಿ, ಒಂದು ಎಣ್ಣೆ ಗಾಣ, ಇನ್ನೊಂದು ಮೇಷ್ಟ್ರ ಮನೆ ಜಗಲಿ. ಉದ್ದದ ಕೆಂಪು ಪುಸ್ತಕ, ಮದುವೆ ಮನೆಯದೇ. ಖಾಲಿ ಪುಸ್ತಕ ಇಡಲೇಬಾರದು. ಮೊದಲ ಪುಟದ ಐದು ಹೆಸರುಗಳ ಮೇಲೆ ಇಡೀ ಪುಸ್ತಕ ನಿಂತಿರುತ್ತದೆ. ಆ ಐದನ್ನು ಹೇಗೆ ಆರಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ದೊಡ್ಡ ಶ್ರೀಮಂತರಲ್ಲ ಅಂತ ಮಾತ್ರ ಹೇಳಬಲ್ಲೆ. ಶ್ರೀಮಂತರ ಹತ್ತು ಸಾವಿರ ಮೇಲಿದ್ದರೆ ಕೆಳಗಿನವರು 101 ಬರೆಸಲು ನಾಚಿಕೊಂಡು ಹಾಗೇ ಹೋಗಿಬಿಡುತ್ತಾರೆ.

ಮೊದಲ ಹತ್ತು ದಿನ ಹದಿನೆಂಟು ಸಾವಿರ. ಮೇಷ್ಟ್ರು ನನ್ನ ಫೋನ್ ಎತ್ತುವುದನ್ನೇ ಬಿಟ್ಟರು. ನವರಾತ್ರಿ ಶುರುವಾದ ಮೇಲೆ ನೋಡಿ, ದಿನಕ್ಕೆ ಮೂವತ್ತು ಸಾವಿರ ಬಂದದ್ದೂ ಇದೆ. ಎಣ್ಣೆ ಗಾಣದವರು ಕೊಬ್ಬರಿ ಹಾಕಲು ಬಂದವರಿಗೆಲ್ಲ ಪುಸ್ತಕ ತೋರಿಸಿದ್ದಾರೆ. ತಿಪಟೂರು ಕಡೆಯ ಒಬ್ಬರು ದುಡ್ಡಿಲ್ಲ ಅಂತ ನೂರು ತೆಂಗಿನಕಾಯಿ ಓದಿಸಿದರು. ಮಾರಿದಾಗ 2,800 ಸಿಕ್ಕಿತು. ಪುಸ್ತಕದಲ್ಲಿ ಮಾತ್ರ "ಕಾಯಿ ನೂರು" ಅಂತಲೇ ಇದೆ.

ಮಧ್ಯದಲ್ಲಿ ಒಂದು ಪ್ರಯೋಗ ಮಾಡಿದೆ. 101, 501, 1001 ಅಂತ ಮೊತ್ತ ಮೊದಲೇ ತುಂಬಿದ ಮೂರು ಕ್ಯೂಆರ್ ಮಾಡಿ ಮೆಡಿಕಲ್ ಸ್ಟೋರಿನಲ್ಲಿ ಅಂಟಿಸಿದೆ. 501 ಚೆನ್ನಾಗಿ ಓಡಿತು. ಆದರೆ ಒಬ್ಬರು ಅಜ್ಜ 101 ಅಂದುಕೊಂಡು 1001ಕ್ಕೆ ಒತ್ತಿಬಿಟ್ಟಿದ್ದರು. ಒಂಬೈನೂರು ವಾಪಸ್ ಕೊಟ್ಟು, ಮೂರನ್ನೂ ಕಿತ್ತೆ. ಇನ್ನು ರಸೀದಿಯ 80ಜಿ, ಅಂದರೆ ದಾನ ಕೊಟ್ಟವರಿಗೆ ಸಿಗುವ ಆದಾಯ ತೆರಿಗೆ ವಿನಾಯಿತಿಯ ವಿಷಯ. ಮೊದಲೆಲ್ಲ ಅದನ್ನೇ ದಪ್ಪಕ್ಷರದಲ್ಲಿ ಹಾಕುತ್ತಿದ್ದೆ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಆ ವಿನಾಯಿತಿಯೇ ಇಲ್ಲ, ನಗದು 2,000 ದಾಟಿದರೆ ಯಾರಿಗೂ ಇಲ್ಲ. ಈಗ ಹಿಂಬದಿಯಲ್ಲಿ ಒಂದು ಸಾಲು, ಸಾಕು.

ಒಟ್ಟು ಬಂದದ್ದು ಸುಮಾರು ಮೂರು ಲಕ್ಷ ನಲವತ್ತು ಸಾವಿರ. ಕೊಟ್ಟವರು ಮುನ್ನೂರ ಹತ್ತೋ ಹನ್ನೆರಡೋ. ಕಾರ್ಡು, ಪುಸ್ತಕ, ಪೆಟ್ರೋಲು, ಹಾಳಾದದ್ದು ಎಲ್ಲ ಸೇರಿ ಖರ್ಚು ಒಂಬತ್ತು ಸಾವಿರದೊಳಗೆ. ಅದರಲ್ಲಿ ನನ್ನ ಬಿಲ್ ಸೇರಿಲ್ಲ. ಹೌದು, ನಾನು ಟ್ರಸ್ಟಿಗೂ ಬಿಲ್ ಹಾಕುತ್ತೇನೆ, ಅರ್ಧ ರೇಟಿನಲ್ಲಿ. ಇದಕ್ಕೆ ಬೈಸಿಕೊಂಡಿದ್ದೇನೆ. ಮೊದಲ ಎರಡು ವರ್ಷ ಬಿಟ್ಟಿ ಮಾಡಿದೆ, ಒಂದು ಕರಪತ್ರಕ್ಕೆ ಹದಿನೇಳು ಕರೆಕ್ಷನ್. ಕಮಿಟಿಯ ಒಬ್ಬೊಬ್ಬರ ಮನೆಯವರೂ ಬಣ್ಣ ಹೇಳುತ್ತಿದ್ದರು. ಮೂರು ಸಾವಿರದ ಬಿಲ್ ಕೊಟ್ಟ ತಿಂಗಳಿಂದ ಮೂರೇ ಕರೆಕ್ಷನ್.

ವ್ಯಾನು ಬಂದದ್ದು ಆಯುಧಪೂಜೆಗೆ ಎರಡು ದಿನ ಇದ್ದಾಗ. ಬಿಳಿ ಈಕೋ, ಎಡಗಡೆ ಬಾಗಿಲು ಸ್ವಲ್ಪ ಬಿಗಿ. ಬಾಳೆಕಂದು ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗ ನೂರೈವತ್ತು ಜನ ಇದ್ದರು. ಫೋಟೋದ ಆ ಯಜಮಾನರು ಮಗನ ಜೊತೆ ಬಂದಿದ್ದರು. ಮಗ ಪುಸ್ತಕದಲ್ಲಿ 201 ಬರೆಸಿದ. ನಾನು ಫೋನು ಬ್ಯಾಗಿನಿಂದ ತೆಗೆಯಲೇ ಇಲ್ಲ.

ಒಂದು ಮಾತ್ರ ನಮ್ಮ ಲೆಕ್ಕಕ್ಕೆ ಬಂದಿರಲಿಲ್ಲ. ಮುಯ್ಯಿ ಅಂದರೆ ವಾಪಸ್ ಮಾಡಬೇಕಲ್ಲ! ಪುಸ್ತಕದಲ್ಲಿ ಹೆಸರು ಬರೆಸಿದವರೆಲ್ಲ ಈಗ ತಮ್ಮ ಮನೆಯ ಕಾರ್ಯಕ್ಕೆ ಟ್ರಸ್ಟಿಗೆ ಕರೆಯೋಲೆ ಕೊಡುತ್ತಿದ್ದಾರೆ, ಇಲ್ಲಿಯವರೆಗೆ ಹದಿನಾಲ್ಕು. ದಾನದ ದುಡ್ಡಿನಲ್ಲಿ ಮುಯ್ಯಿ ಮಾಡುವ ಹಾಗಿಲ್ಲ. ಹಾಗಾಗಿ ಅವರ ಲಗ್ನಪತ್ರಿಕೆಯ ಡಿಸೈನ್ ನನ್ನ ಕಡೆಯಿಂದ ಬಿಟ್ಟಿ, ಪ್ರಿಂಟಿಂಗ್ ಮಾತ್ರ ಅವರದು. ಊಟಕ್ಕೆ ಮೇಷ್ಟ್ರು ಹೋಗುತ್ತಾರೆ. ಮುಂದಿನ ತಿಂಗಳು ಒಂದೇ ದಿನ ಎರಡು ಮದುವೆ ಇವೆ, ಒಂದು ಗುಬ್ಬಿಯಲ್ಲಿ, ಒಂದು ಕ್ಯಾತ್ಸಂದ್ರದಲ್ಲಿ. ಗುಬ್ಬಿಯದಕ್ಕೆ ನೀನೇ ಹೋಗಿ ಬಾ ಅಂದಿದ್ದಾರೆ.